ಹದಿನಾರೂವರಿ ಇಂಚು

ಮುಂಬಯಿ, ತಾ. 6-3-1938

ನಿಜಾಮುದ್ದೀನ ಮಿಸ್ತ್ರಿಯವರಿಗೆ ನೀಲಕಂಠಪ್ಪನ ನಮಸ್ಕಾರ.

ಶಿವರಾತ್ರಿಗೆ ಗರಗಕ್ಕ ಬಂದು ಎರಡು ದಿನ ಇದ್ದು ತಿರುಗಿ ಬಂದೆ. ಹುಬ್ಬಳ್ಳಿ ಸ್ಟೇಶನ್ನಿನಿಂದ ಕೇಶ್ವಾಪುರಕ್ಕ ಬಂದು ನಿಮ್ಮನ್ನ ಕಾಣಬೇಕಂತಿದ್ದೆ, ರೇಲ್ವೆಗೆ ಹೊತ್ತಾತು. ಅದಕ್ಕ ಈ ಪತ್ರ.

ನಮ್ಮ ಮೋಟಾರಿನ ಕೆಲಸ ಅದ. ನಾ ಇಲ್ಲಿ ಹತ್ತಿ ಪೇಟ್ಯಾಗ ಟ್ರಾಮಿನ ಮ್ಯಾಲೆ ತಿರಗತೇನಿ. ಆ 1928ರ ಶೆವರ್ಲೆ ಗರಗದಾಗ ಇರೋದು ನಮ್ಮ ಮುರಿಗೆವ್ವಕ್ಕನ ಸಲುವಾಗಿ, ನಿಮಗ ಗೊತ್ತ ಅದ. ಬುಧವಾರ, ಶನಿವಾರ ಆಕಿ ಸುತ್ತಲಿನ ಹಳ್ಳಿಗೆ ಹೋಗಿ ಹಂಜಿ ಹಂಚಿ, ಹೆಣ್ಮಕ್ಕಳು ನೂತ ನೂಲು ಕೂಡಿಸಿಕೊಂಡು ಬರ್ತಾಳ. ನೂಲಿನ ಕೇಂದ್ರ ನಡಿಯೋದು ಆಕಿ ಕೈಯಿಂದನ.

ಈ ಸಲ ಆಕಿ ಮೋಟಾರು ಏರೋದು ನೋಡಿ ಜೀವ ಚುರ್ ಅಂತು. ಬಾಗಿಲಾ ಹಿಡಕೊಂಡು ನಿಂತಳು, ಉಸಿರು ತಗೊಂಡಳು, ನಿಧಾನ ಕಾಲೆತ್ತಿ ಬಾಗಿಲ ಕೆಳಗಿನ ಪಾವಟಿಗಿ ಮ್ಯಾಲೆ ಇಟ್ಟಳು. ಕೇಳಿದರ "ಮೊಳಕಾಲು ನೋಯ್ತಾವಪಾ, ವಯಸ್ಸಾತಲ್ಲ" ಅಂದಳು. ಐವತ್ಮೂರಕ್ಕ ಎಂಥಾ ವಯಸ್ಸು? ತಪ್ಪು ಮೋಟಾರಿಂದು. ಅದು ಭಾಳ ಎತ್ತರ. ಇಲ್ಲಿ ಹೊಸಾ ಮೋಟಾರು ಎಷ್ಟು ತಗ್ಗು ಬಂದಾವ ಅಂದರ, ಪಡಸಾಲ್ಯಾಗಿಂದ ಮನಿಯೊಳಗ ಹೋದಂಗ ಹೋಗಿ ಕೂಡೋದು. ನಮ್ಮದನ್ನ ನಾಲ್ಕು ಇಂಚು ತಗ್ಗಿಸಿ ಕೊಡ್ರಿ.

ಒಂದು ಮಾತು. ಅಕ್ಕಗ ಏನೂ ಹೇಳಬ್ಯಾಡ್ರಿ. ನನ್ನ ಸಲುವಾಗಿ ಯಾಕ ಖರ್ಚು ಅಂತ ಜಗಳ ತಗೀತಾಳ. ಸಾದಾ ದುರಸ್ತಿ ಅಂದುಬಿಡ್ರಿ. ಒಂದಿನ ತಾನ ಏರಿ "ಅಯ್ಯ, ಎಷ್ಟು ಹಗುರಾತು" ಅನ್ನಲಿ.

ನಿಮ್ಮ
ನೀಲಕಂಠಪ್ಪ


ಕೇಶ್ವಾಪುರ, ಹುಬ್ಬಳ್ಳಿ, ತಾ. 11-3-1938

ನೀಲಕಂಠಪ್ಪ ಸಾವ್ಕಾರರಿಗೆ ನಿಜಾಮುದ್ದೀನನ ಸಲಾಂ.

ಪತ್ರ ಮುಟ್ಟಿತು. ಮುಂಬಯಿ ನೋಡಿ ಬಂದವ್ರೆಲ್ಲಾ ನನಗ ಹೇಳೂದು ಇದನ್ನ: ತಗ್ಗಿಸು, ತಗ್ಗಿಸು. ಮೋಟಾರು ಅಂದ್ರ ಹುಡುಗ್ಯಾರ ಪರಕಾರ ಏನ್ರಿ, ಬೇಕಾದಷ್ಟು ಮಡಚಿ ಹೊಲಿಯಾಕ?

ನಾಲ್ಕು ಇಂಚು ಆಗೂದಿಲ್ಲ. ಸಿಟ್ಟಾಗಬ್ಯಾಡ್ರಿ, ಯಾಕ ಅಂತ ಹೇಳತೇನಿ. ಗಾಡಿ ಮೈ ಕುಂತದ್ದು ಕಮಾನಿನ ಮ್ಯಾಲೆ. ಒಂದರ ಕೆಳಗ ಒಂದು ಉಕ್ಕಿನ ಪಟ್ಟಿ ಕೂಡಿಸಿ ಬಿಲ್ಲಿನಂಗ ಬಾಗಿಸಿದ್ದ ಕಮಾನು. ಕೆಳಗ ಅಚ್ಚು, ಮ್ಯಾಲೆ ಚೌಕಟ್ಟು, ನಡುವ ಒಂದು ಸಂದು. ಆ ಸಂದಿನ್ಯಾಗ ಕಮಾನು ಕುಣಿಬೇಕು. ನಾಲ್ಕು ಇಂಚು ಇಳಿಸಿದ್ರ ಸಂದು ಉಳಿಯೂದಿಲ್ಲ. ಗರಗದ ಎರಿ ಹೊಲದ ದಾರ್ಯಾಗ ಒಂದೊಂದು ಕುಣಿಗೂ ಚೌಕಟ್ಟು ಅಚ್ಚಿಗೆ ಬಡದು ಅಕ್ಕಾವ್ರ ಹಲ್ಲು ಉದರತಾವ.

ಇಲ್ಲೊಬ್ಬ ಮಿಸ್ತ್ರಿ ಅದಾನ, ಹೆಸರು ಬ್ಯಾಡ. ಎರಡು ಪಟ್ಟಿ ತಗದು ಒಗದುಬಿಡತಾನ. ಗಾಡಿ ತಗ್ಗತೈತಿ, ಖರೇ. ಮೂರು ತಿಂಗಳಿಗೆ ಉಳಿದ ಪಟ್ಟಿ ದಣದು ಮುರೀತಾವ. ಇನ್ನೊಬ್ಬ ಕುಲುಮ್ಯಾಗ ಕೆಂಪಗ ಕಾಸಿ ಬಡೀತಾನ. ಹಂಗ ಕಾಸಿದ್ರ ಉಕ್ಕಿನ ಜೀವ ಹೋತು, ಆಮ್ಯಾಲೆ ಅದು ಕಮಾನಲ್ಲ, ರೊಟ್ಟಿ ಹಂಚು. ನಾ ಇಪ್ಪತ್ತು ವರ್ಷ ರೇಲ್ವೆ ಕಾರಖಾನ್ಯಾಗ ಡಬ್ಬಿಗಳ ಕಮಾನು ಬಡದಾಂವ. ಪಟ್ಟಿ ಒಂದೊಂದ ಬಿಚ್ಚಿ, ತಣ್ಣಗ ಬಡದು, ಬಾಗು ಇಷ್ಟಿಷ್ಟ ಕಮ್ಮಿ ಮಾಡತೇನಿ. ಒಂದು ಪಟ್ಟಿನೂ ತಗಿಯೂದಿಲ್ಲ. ಮೂರು ಇಂಚು ಇಳಿಸಿ ಕೊಡತೇನಿ, ಅದರ ಮ್ಯಾಲೆ ಒಂದು ನೂಲೆಳಿ ಕೇಳಿದ್ರೂ ಬ್ಯಾರೇದವನ್ನ ನೋಡಿಕೋರಿ.

ಅಕ್ಕಾವ್ರು ಹ್ವಾದ ತಿಂಗಳ ಬ್ರೇಕಿನ ಕೆಲಸಕ್ಕ ಬಂದಾಗ ನಮ್ಮ ಮನಿ ಕಟ್ಟಿ ಚಟ್ಟನ ಏರಿ, ನಮ್ಮ ಮನಿಯಾಕಿ ಗುಲ್ಜಾರಬಿ ಕೈಲೆ ಚಹಾ ಕುಡದು ಹ್ವಾದ್ರು. ಮೊಳಕಾಲಿನ ಮಾತ ಎತ್ತಲಿಲ್ಲ. ಇರಲಿ, ದೊಡ್ಡವ್ರು, ಹೇಳಿಕೊಂಡಿರಲಿಕ್ಕಿಲ್ಲ. ಅವ್ರಿಗೆ ಹೇಳಬ್ಯಾಡ ಅಂದ್ರಿ, ಹೇಳೂದಿಲ್ಲ. ಆದ್ರ ಗಾಡ್ಯಾಗ ಕೂಡಾವ್ರಿಗೆ ಗಾಡಿ ಸುದ್ದಿ ಹೇಳದ ಇರೂದು ನನಗೇನು ಛಲೋ ಕಾಣಲಿಲ್ಲ.

ನಿಜಾಮುದ್ದೀನ


ಮುಂಬಯಿ, ತಾ. 15-3-1938 (ಕಾರ್ಡು)

ಮೂರು ಇಂಚು ಆಗಲಿ. ಡ್ರೈವರ ಬಡೇಸಾಬಗ ಬರದೇನಿ, ಮೋಟಾರು ತಂದು ಬಿಡ್ತಾನ. ಯುಗಾದಿ ಆದ ಕೂಡಲೇ ಕೊಡ್ರಿ. ಅಕ್ಕಗ ಹೇಳಬ್ಯಾಡ್ರಿ, ಮತ್ತ ಮತ್ತ ಹೇಳತೇನಿ.

ನೀಲಕಂಠಪ್ಪ


ಕೇಶ್ವಾಪುರ, ತಾ. 5-4-1938

ಸಾವ್ಕಾರರಿಗೆ ಸಲಾಂ.

ಕೆಲಸ ಆತು. ಇವತ್ತ ಬಡೇಸಾಬ ಬಂದು ಗಾಡಿ ಹೊಡಕೊಂಡು ಹ್ವಾದ. ಹಿಂದಿನ ಎಡಗಡೆ ಕಮಾನು ಭಾಳ ಹಟ ಮಾಡ್ತು, ಎಷ್ಟು ಬಡದ್ರೂ ಮತ್ತ ಎದ್ದು ಕೂಡತಿತ್ತು. ನಾಲ್ಕು ದಿನ ಅದರ ಜೋಡಿ ಕುಸ್ತಿ. ಗುಲ್ಜಾರಬಿ ಅಂದ್ಲು, "ಅದಕ್ಕೂ ನಿಮ್ಮದ ಸ್ವಭಾವ ಬಂದೈತಿ." ಕಡೀಕ ನಾಲ್ಕೂ ಒಂದ ಸಮ ಬಂದ್ವು. ಮೊದಲ ನೆಲದಿಂದ ಪಾವಟಿಗಿಗೆ ಹದಿನಾರೂವರಿ ಇಂಚು ಇತ್ತು, ಈಗ ಹದಿಮೂರೂವರಿ. ಸಣ್ಣ ಹುಡುಗಿ ಏರಬಹುದು.

ಗಾಡಿ ನನ್ನ ಹತ್ರ ಇದ್ದಷ್ಟು ದಿನ ಅಕ್ಕಾವ್ರು ಹಳ್ಳಿಗೆ ಹೋಗೇ ಇಲ್ಲಂತ. ಚಕ್ಕಡಿ ಹೂಡಸ್ತೇನಿ ಅಂದ್ರ ಬ್ಯಾಡ ಅಂದ್ರಂತ. ಹಂಜಿ ಗಂಟು ಹಂಗ ಬಿದ್ದಾವ. ನಾಳೆ ಬುಧವಾರ, ಹೊಂಡತಾರ. ಬಡೇಸಾಬಗ ಬಾಯಿ ಮುಚ್ಚಿಕೊಂಡಿರು ಅಂತ ಹೇಳೇನಿ. "ಎಷ್ಟು ಹಗುರಾತು" ಅಂದದ್ದು ನಿಮಗ ಬರದು ತಿಳಸ್ಲಿ, ನನಗ ಅದ ಬಕ್ಷೀಸು.

ನಿಜಾಮುದ್ದೀನ


ಮುಂಬಯಿ, ತಾ. 11-4-1938

ನಿಜಾಮುದ್ದೀನ ಮಿಸ್ತ್ರಿ,

ಬಡೇಸಾಬ ಬರೆಸಿದ ಕಾರ್ಡು ಇವತ್ತ ಬಂತು. ಬುಧವಾರ ಮುಂಜಾನೆ ಅಕ್ಕ ಮೋಟಾರು ಏರಾಕ ಹೋಗಿ ಬಿದ್ದಾಳ. ಬಲಗೈ ಮಣಿಕಟ್ಟಿನ ಎಲುಬು ಮುರದದ. ಹಣಿ ಬಾಗಿಲಿಗೆ ಬಡದು ಒಡದದ. ಕಾಲಿಟ್ಟ ಕೂಡಲೇ ಮೋಟಾರು ಕೆಳಗ ಕುಸೀತು ಅಂತ ಅಂವ ಬರಸ್ಯಾನ.

ಹತ್ತು ವರ್ಷ ಒಂದು ಬೋಲ್ಟೂ ಬ್ಯಾರೇದವರ ಕೈಗೆ ಕೊಡಲಿಲ್ಲ ನಾನು. ತಣ್ಣಗ ಬಡೀತೇನಿ, ಪಟ್ಟಿ ತಗಿಯೂದಿಲ್ಲ ಅಂತ ಎರಡು ಹಾಳಿ ಬರದ್ರಿ. ಕುಸಿಯೋ ಕಮಾನಿಗೆ ಇಷ್ಟು ದೊಡ್ಡ ಮಾತು ಯಾಕ ಬೇಕಿತ್ತು? ನಮ್ಮವ್ವ ಸತ್ತಾಗ ನನಗ ಆರು ವರ್ಷ. ಬೆನ್ನ ಮ್ಯಾಲೆ ಹೊತ್ತು ಸಾಲಿಗೆ ಬಿಟ್ಟಾಕಿ ಅಕ್ಕ. ಆಕಿ ಕೈ ಮುರದದ, ಮಿಸ್ತ್ರಿ. ಆ ಕೈ ನೂಲುವ ಕೈ.

ಧಾರವಾಡದಿಂದ ಬ್ಯಾರೇ ಮಿಸ್ತ್ರಿನ್ನ ಕಳಿಸಿ ಮೋಟಾರು ತೋರಸ್ತೇನಿ. ಅದಕ್ಕ ಮೊದಲ ನಿಮ್ಮ ಜವಾಬು ಬರಲಿ.

ನೀಲಕಂಠಪ್ಪ


ಕೇಶ್ವಾಪುರ, ತಾ. 19-4-1938

ಸಾವ್ಕಾರರಿಗೆ ಸಲಾಂ.

ಪತ್ರ ಬಂದ ಮರುದಿನ ಸರ್ವಿಸ್ ಮೋಟಾರು ಹಿಡದು ಗರಗಕ್ಕ ಹೋಗಿ ಬಂದೆ. ಅಕ್ಕಾವ್ರನ್ನ ಕಂಡೆ. ಕೈಗೆ ಕಟ್ಟು ಹಾಕ್ಯಾರ, ಹಣಿ ಗಾಯ ಮಾಯಾಕತ್ತೈತಿ. ಗಾಡಿನೂ ನೋಡಿದೆ. ಕಮಾನು ಕುಸಿದಿಲ್ಲ, ಹದಿಮೂರೂವರಿಗೆ ಹದಿಮೂರೂವರಿನ ಐತಿ. ಆದ್ರೂ ತಪ್ಪು ನಂದ ಅಂತ ತಿಳ್ಕೋರಿ.

ಗಾಡಿ ತರಿಸಿಕೊಂಡು ಮೊದಲಿನಂಗ ಹದಿನಾರೂವರಿಗೆ ಏರಿಸಿ ಕೊಡತೇನಿ. ಬ್ಯಾರೇ ಮಿಸ್ತ್ರಿ ಬ್ಯಾಡ. ಇನ್ನೇನೂ ಕೇಳಬ್ಯಾಡ್ರಿ.

ನಿಜಾಮುದ್ದೀನ


ಮುಂಬಯಿ, ತಾ. 24-4-1938

ಮಿಸ್ತ್ರಿಯವರಿಗೆ,

ನಿಮ್ಮ ಪತ್ರ ಐದು ಸಲ ಓದಿದೆ. ಒಂದು ಬೋಲ್ಟಿನ ಸಲುವಾಗಿ ನಾಲ್ಕು ಹಾಳಿ ಬರೀತಿದ್ರಿ, ಈಗ ಎಂಟು ಸಾಲು. ನಾ ಅಷ್ಟು ಬೈದೆ, ಒಂದು ತಿರುಗು ಮಾತಿಲ್ಲ. ನೀವು ಹಂಥಾ ಮನುಷ್ಯಾ ಅಲ್ಲ.

ಕಮಾನು ಕುಸಿದಿಲ್ಲ ಅಂತೀರಿ, ತಪ್ಪು ನಂದ ಅಂತೀರಿ, ಮತ್ತ ಎತ್ತರ ಮಾಡತೇನಿ ಅಂತೀರಿ. ಮೊಳಕಾಲು ನೋಯುವಾಕಿ ತಗ್ಗು ಪಾವಟಿಗಿಗೆ ಯಾಕ ಬಿದ್ದಳು? ಮತ್ತ ಆಕಿಗೆ ಎತ್ತರ ಮೋಟಾರು ಯಾಕ ಬೇಕು? ಹತ್ತಿ ಮಾರುವಾಂವ ಚೌಕಾಸಿ ಮಾಡದ ಹೂಂ ಅಂದ ಅಂದರ ನಾ ಅಂಡಗಿ ಬಿಚ್ಚಿ ನೋಡತೇನಿ, ಒಳಗ ಹಸಿ ಅದ ಅಂತನ ಅರ್ಥ.

ಗರಗದಾಗ ಏನು ನೋಡಿದ್ರಿ? ಕೈ ಮುಗದು ಕೇಳತೇನಿ, ಬರೀರಿ.

ನೀಲಕಂಠಪ್ಪ


ಕೇಶ್ವಾಪುರ, ತಾ. 1-5-1938

ನೀಲಕಂಠಪ್ಪನವರಿಗೆ ಸಲಾಂ.

ನಾಲ್ಕು ದಿನ ಆತು ನಿಮ್ಮ ಪತ್ರ ಬಂದು. ಜೇಬಿನ್ಯಾಗ ಇಟ್ಟುಕೊಂಡು ತಿರಗಾಕತ್ತಿದ್ದೆ. ಗುಲ್ಜಾರಬಿ ಮ್ಯಾಲೆ ಆಣಿ ಮಾಡಿಸಿಕೊಂಡು ಅಕ್ಕಾವ್ರು ನನ್ನ ಬಾಯಿ ಕಟ್ಟ್ಯಾರ. ನಿನ್ನೆ ಗುಲ್ಜಾರಬೀನ ಅಂದ್ಲು, "ನನಗೇನೂ ಆಗೂದಿಲ್ಲ, ಬರದು ಒಗೀರಿ, ಇಲ್ಲಾಂದ್ರ ಅಕ್ಕಾವ್ರು ಮತ್ತೊಮ್ಮೆ ಬೀಳತಾರ." ಅದಕ್ಕ ಬರೀತೇನಿ.

ಅವತ್ತ ಗಾಡಿ ಅಳದು ನೋಡಿದೆ, ಸರಿ ಐತಿ. ನನಗೂ ನಿಮ್ಮಂಗ ತಲಿ ಕೆಡ್ತು. ಬಡೇಸಾಬನ್ನ ಚಹಾ ತರಾಕ ಅಟ್ಟಿ ಅಕ್ಕಾವ್ರಿಗೆ ಅಂದೆ, "ಹೆಂಗ ಏರಿದ್ರಿ, ಒಮ್ಮೆ ತೋರಸ್ರಿ ಅಕ್ಕಾವ್ರ." ಮೊದಲ ಒಲ್ಲೆ ಅಂದ್ರು. ಆಮ್ಯಾಲೆ ಎಡಗೈಲೆ ಬಾಗಿಲಾ ಹಿಡದು ನಿಂತ್ರು, ಉಸಿರು ತಗೊಂಡ್ರು, ಕಾಲೆತ್ತಿದ್ರು. ಪಾವಟಿಗಿ ಕೆಳಗ ಉಳೀತು, ಕಾಲು ಅದರ ಮ್ಯಾಲೆ ಬರೇ ಗಾಳ್ಯಾಗ ನಿಂತಿತು. ನಾ ಮೊಳಕಾಲೂರಿ ಕುಂತಾಂವ, ಕೈಯಾಗ ಅಳತಿ ಪಟ್ಟಿ ಇತ್ತು. ಅಂಗಾಲಿಗೆ ಹಿಡದು ನೋಡಿದೆ. ಹದಿನಾರೂವರಿ ಇಂಚು.

ಅವ್ರ ಮಾರಿ ಮುಂದ ಕೈ ಆಡಿಸಿದೆ. ರೆಪ್ಪಿ ಬಡೀಲಿಲ್ಲ.

ಅವ್ರ ಅಂದ್ರು, "ಗೊತ್ತಾತೇನು ನಿಜಾಮ?"

ನಿಮ್ಮ ಅಕ್ಕಾವ್ರಿಗೆ ಕಣ್ಣು ಕಾಣೂದಿಲ್ರಿ. ಎರಡು ವರ್ಷ ಆತು. ಬಲಗಣ್ಣು ಪೂರ್ತಿ ಹೋಗೇತಿ, ಎಡಗಣ್ಣಿಗೆ ಬೆಳಕು ನೆರಳು ಅಷ್ಟ. ನೂಲು ಬೆರಳಿಲೆ ನೋಡಿ ಸಣ್ಣದು ದಪ್ಪದು ಅಂತ ಆರಸತಾರ, ಒಂದಿನ ತಪ್ಪಿಲ್ಲ. ಹಳ್ಳ್ಯಾಗ ಗಾಡಿ ಇಳಿಯೂದಿಲ್ಲ, ಹೆಣ್ಮಕ್ಕಳ ಗಾಡಿ ಹತ್ರ ಬರ್ತಾರ. ಗಾಡಿ ಬಾಗಲದಾಗ ದಿನಾ ಒಂದ ಕಲ್ಲಿನ ಹತ್ರ ನಿಲ್ಲಸಬೇಕು ಅಂತ ಬಡೇಸಾಬಗ ಕಟ್ಟಪ್ಪಣಿ. ಅಂವ ದೊಡ್ಡವ್ರ ಶೋಕಿ ಅಂದುಕೊಂಡಾನ. ಮನಿ ಹೊಸ್ತಿಲ, ಕೇಂದ್ರದ ಮೆಟ್ಟಲ, ನಮ್ಮ ಕಟ್ಟಿ, ಗಾಡಿ ಪಾವಟಿಗಿ, ಎಲ್ಲಾ ಅವ್ರ ಕಾಲಾಗ ಬಾಯಿಪಾಠ ಐತಿ. ಚಕ್ಕಡಿ ಯಾಕ ಬ್ಯಾಡ ಅಂದ್ರು ಈಗ ತಿಳೀತೇನ್ರಿ? ನೀವು ಶಿವರಾತ್ರ್ಯಾಗ ನೋಡಿದ್ದು ಮೊಳಕಾಲಿನ ನೋವಲ್ಲ. ಅವ್ರು ಎತ್ತರಾ ನೆನಪು ಮಾಡಿಕೊಳ್ಳಾಕತ್ತಿದ್ರು.

ಅದ ಎತ್ತರಾನ ನಾವಿಬ್ರೂ ಅವ್ರಿಗೆ ಹೇಳದ ಕೇಳದ ಮೂರು ಇಂಚು ಕದ್ವಿ. ಹೇಳಬ್ಯಾಡ ಅಂದಾವ್ರು ನೀವು. ಹೂಂ ಅಂದಾಂವ ನಾ. ತಪ್ಪು ನಂದ ಅಂತ ಸುಮ್ಮನ ಬರೀಲಿಲ್ಲ. ನಿಮ್ಮದೂ ಐತಿ, ಈಗ ಹೇಳತೇನಿ.

ಗಾಡಿ ತಗ್ಗಿಸಿದ್ದು ನಾ ಅಂತ ಅವ್ರಿಗೆ ಹೇಳಿದೆ. ಬೈತಾರಂತ ತಲಿ ಬಗ್ಗಿಸಿ ನಿಂತಿದ್ದೆ. ಅವ್ರು ಅಲ್ಲೇ ಪಾವಟಿಗಿ ಮ್ಯಾಲೆ ಕುಂತು, ಎಡಗೈಲೆ ಅದನ್ನ ತಡವಿ ತಡವಿ ನೋಡಿ, ನಕ್ಕ್ರು. ಕಣ್ಣಾಗ ನೀರಿತ್ತು. "ಹಂಗಾರ ನನ್ನ ಕಾಲು ತಪ್ಪಿಲ್ಲೇನು? ಹತ್ತು ದಿನದಿಂದ ಇನ್ನ ನನ್ನ ಆಟ ಮುಗೀತು, ಕಾಲಿಗೂ ನೆನಪು ಹೋತು ಅಂತ ಅಳಾಕತ್ತಿದ್ದೆನಲ್ಲೋ" ಅಂದ್ರು. ಯಾ ಅಲ್ಲಾ, ಆ ಮಾತು ಕೇಳಿ ನನಗ ಮಾರಿ ಎತ್ತಾಕ ಆಗಲಿಲ್ಲ.

ನಿಮಗ ಯಾಕ ಹೇಳಿಲ್ಲ ಗೊತ್ತೇನ್ರಿ? "ತಮ್ಮಗ ತಿಳಿದ್ರ ಪ್ರೀತೀಲೆ ಮುಂಬಯಿಗೆ ಒಯ್ತಾನ. ಮೂರನೇ ಮಾಳಿಗ್ಯಾಗ ಕೂಡಸ್ತಾನ. ಇಲ್ಲಿ ನಾ ಮುರಿಗೆವ್ವ. ಅಲ್ಲಿ ನಾ ಬರೇ ಕುರುಡಿ." ಹಿಂಗಂದ್ರು.

ಇನ್ನೊಂದು. ನಮ್ಮತ್ತಿ ಇಮಾಮಬಿಗೆ ಹಿಂಗ ಕಣ್ಣಾಗ ಪೊರೆ ಬಂದಿತ್ತು. ಮಿರಜಿನ ದವಾಖಾನ್ಯಾಗ ತಗಿಸಿಕೊಂಡು ಬಂದ್ಲು, ಈಗ ಅಕ್ಕಿ ಆರಸತಾಳ. ಅಕ್ಕಾವ್ರ ಕಣ್ಣಾಗೂ ಬೆಳ್ಳಗ ಕಾಣತೈತಿ. ನಾ ಡಾಕ್ಟರ್ ಅಲ್ಲ, ಕಮಾನು ಬಡಿಯಾಂವ. ಆದ್ರ ತೋರಿಸಬೇಕು. ಅವ್ರನ್ನ ಕೇಳಿ ತೋರಸ್ರಿ, ಕೂಸಿನಂಗ ಎತ್ತಿಕೊಂಡು ಹೋಗಬ್ಯಾಡ್ರಿ. ಮುಂಬಯಿಗೆ ಒಯ್ದ್ರ, ಆಣಿ ಮುರದಾಂವ ನಾ ದೇವರಿಗೂ ಬ್ಯಾಡಾದೆ, ಅವ್ರಿಗೂ ಬ್ಯಾಡಾದೆ.

ನಿಜಾಮುದ್ದೀನ


ಮುಂಬಯಿ, ತಾ. 9-5-1938

ಮಿಸ್ತ್ರಿಯವರಿಗೆ,

ಪತ್ರ ಬಂದು ಐದು ದಿನ ಆತು.

ಎರಡು ವರ್ಷದಿಂದ ಅಕ್ಕನ ಪತ್ರ ಕೇಂದ್ರದ ಸತ್ಯವ್ವನ ಅಕ್ಷರದಾಗ ಬರ್ತಾವ. ಕೇಳಿದರ "ಕೆಲಸ ಭಾಳಪಾ" ಅಂದಳು, ನಂಬಿದೆ. ಶಿವರಾತ್ರ್ಯಾಗ ನನ್ನ ಮಾರಿ ಮ್ಯಾಲೆ ಕೈ ಆಡಿಸಿ "ಎಷ್ಟು ಸೊರಗೀದಿ ನೀಲಾ" ಅಂದಳು. ಅದನ್ನ ನೆನಸಿಕೊಂಡು ನಾ ಖುಷಿಲೆ ಮುಂಬಯಿಗೆ ಬಂದೆ. ಆಕಿ ನನ್ನನ್ನ ನೋಡಾಕತ್ತಿದ್ದಳು, ಮಿಸ್ತ್ರಿ. ಮೋಟಾರಿನ ಪಾವಟಿಗಿ ನೋಡಿದೆ ನಾನು, ಅಕ್ಕನ ಕಣ್ಣು ನೋಡಲಿಲ್ಲ.

ನಿಮಗ ಬರದ ಸಿಟ್ಟಿನ ಪತ್ರ ಇದ್ದರ ಒಲಿಗೆ ಹಾಕ್ರಿ. ಗುಲ್ಜಾರಬಿಯವರಿಗೆ ನನ್ನ ಶರಣು ಹೇಳ್ರಿ.

ಇದೇ ತಿಂಗಳು ಇಪ್ಪತ್ತಕ್ಕ ಬರ್ತೇನಿ. ನೀವು ಹೇಳಿದ್ರಿ ಅಂತ ಹೇಳೂದಿಲ್ಲ, ನಾನ ಕೇಳತೇನಿ. ಮಿರಜಿಗೆ ನಡಿ ಅಂತ ಕೇಳತೇನಿ. ಆಕಿ ಹೂಂ ಅನ್ನಲಿ, ಊಹೂಂ ಅನ್ನಲಿ, ಮುಂಬಯಿ ಹೆಸರು ತಗಿಯೂದಿಲ್ಲ ಅಂತ ಕೊರಳಾಗಿನ ಲಿಂಗ ಮುಟ್ಟಿ ಬರೀತೇನಿ. ನಾ ಬರೋದರಾಗ ಮೋಟಾರು ಹದಿನಾರೂವರಿಗೆ ಏರಿಸಿ ಇಡ್ರಿ. ಏರಿಸಿದ್ದನ್ನ ಅಕ್ಕಗ ಮೊದಲ ಹೇಳ್ರಿ.

ನಿಮ್ಮ
ನೀಲಕಂಠಪ್ಪ


ಕೇಶ್ವಾಪುರ, ತಾ. 8-8-1938

ನೀಲಕಂಠಪ್ಪನವರಿಗೆ ನಿಜಾಮುದ್ದೀನನ ಸಲಾಂ.

ನಿನ್ನೆ ಅಕ್ಕಾವ್ರು ಬಂದಿದ್ರು. ಮಿರಜಿನಿಂದ ಬಂದ ಮ್ಯಾಲೆ ಇದ ಮೊದಲನೇ ಸಲ. ಮೂಗಿನ ಮ್ಯಾಲೆ ಬಾಟ್ಲಿ ತಳದಷ್ಟು ದಪ್ಪ ಚಾಳೀಸ. ಎಡಗಣ್ಣು ಚಂದ ಕಾಣತೈತಂತ. ಬಲಗಣ್ಣಿಂದು ದಸರಾ ಆದ ಮ್ಯಾಲೆ ಮಾಡತಾರಂತ.

ನೀವು ಬಂದಾಗ ಅವ್ರ ಜೋಡಿ ಏನು ಮಾತಾಡಿದ್ರೋ ನನಗ ಗೊತ್ತಿದ್ದಿಲ್ಲ. ಅವ್ರ ಹೇಳಿದ್ರು: "ಮುಂದ ಬಂದು ಕುಂತ. ಅಕ್ಕಾ, ನನ್ನ ಮಾರಿ ಕಾಣತದೇನು ಅಂದ. ಆರು ವರ್ಷದ ಹುಡುಗ ಕೇಳಿದಂಗ ಕೇಳಿದ, ಸುಳ್ಳು ಹೇಳಾಕ ಬಾಯಿ ಬರಲಿಲ್ಲ." ಆಮ್ಯಾಲೆ ನನ್ನ ಕಡೆ ನೋಡಿ, "ಅವಗ ಯಾರು ಸುದ್ದಿ ಮುಟ್ಟಿಸಿದ್ರು ಅನ್ನೂದು ನಾ ಕೇಳೂದಿಲ್ಲ" ಅಂದ್ರು. ಒಳಗ ಗುಲ್ಜಾರಬಿಗೆ ಕೆಮ್ಮು ಬಂತು.

ನನ್ನ ಮಾರಿ ಭಾಳ ಹೊತ್ತು ನೋಡಿದ್ರು. "ನಿಜಾಮ, ನಿನ್ನ ಗಡ್ಡ ಯಾವಾಗ ಬೆಳ್ಳಗಾತೋ?" ಅಂದ್ರು. ಎರಡು ವರ್ಷ ಕರೇ ಗಡ್ಡದವನ್ನ ಮನಸಿನ್ಯಾಗ ಇಟ್ಟುಕೊಂಡು ಮಾತಾಡ್ಯಾರ ನನ್ನ ಜೋಡಿ. ಆಮ್ಯಾಲೆ ನಾ ಮತ್ತ ಹದಿನಾರೂವರಿಗೆ ಏರಿಸಿದ್ದ ಗಾಡಿ ಸುತ್ತ ಒಂದು ಸುತ್ತು ಹಾಕಿದ್ರು. ಮಡಗಾರ್ಡಿನ ಬಣ್ಣ ಹ್ವಾದದ್ದು, ಹುಡ್ಡು ಹರದದ್ದು ಎಲ್ಲಾ ಕಂಡು ಬಡೇಸಾಬಗ ಛಲೋತ್ನಾಗ ಬೈದ್ರು. ಅಂವ ಬೈಸಿಕೊಂಡು ನಗಾಕತ್ತಿದ್ದ.

ಕಡೀಕ ಪಾವಟಿಗಿ ಮುಂದ ನಿಂತು, ಬಗ್ಗಿ ನೋಡಿ, ನನಗೊಂದು ಕೆಲಸ ಹೇಳಿದ್ರು. ಏನಂತ ನಾ ಬರಿಯೂದಿಲ್ಲ. "ನಾನ ಬರೀತೇನಿ, ಇನ್ನ ನಮ್ಮ ಮನ್ಯಾಗ ಒಬ್ಬರಿಗೊಬ್ಬರು ಮುಚ್ಚಿಡೂದು ಸಾಕು" ಅಂದು, ನನ್ನ ದೌತಿ ಟಾಕು ಇಸಕೊಂಡು, ನಮ್ಮ ಕಟ್ಟಿ ಮ್ಯಾಲೆ ಕುಂತು ಬರದ್ರು. ಮುರದ ಕೈ ಇನ್ನೂ ನಡಗತೈತಿ, ಅಕ್ಷರ ಸೊಟ್ಟ ಆಗ್ಯಾವ, ಓದಾಕ ಬರ್ತೈತಿ. ಚೀಟಿ ಇದರ ಜೋಡಿ ಇಟ್ಟೇನಿ. ಅವ್ರು ಹೇಳಿದಂಗ ನಾಳಿಂದ ಕೆಲಸ ಹಿಡೀತೇನಿ, ತಾವ ಮುಂದ ಕುಂತು ಮಾಡಿಸಿಕೊಳ್ಳತಾರಂತ.

ನಿಜಾಮುದ್ದೀನ


(ಲಕೋಟ್ಯಾಗಿನ ಚೀಟಿ)

ನೀಲಾ,

ನಿಮ್ಮ ಅಕ್ಕ ಮುರಿಗೆವ್ವನ ಆಶೀರ್ವಾದ. ಇದು ನಾ ಬರದದ್ದು, ಸತ್ಯವ್ವ ಅಲ್ಲ.

ಮೋಟಾರು ಇಷ್ಟು ಎತ್ತರ ಇತ್ತಂತ ನನಗ ಗೊತ್ತ ಇರಲಿಲ್ಲೋ. ಕಣ್ಣಿಲೆ ನೋಡಿದ ಮ್ಯಾಲೆ ಏರಾಕ ಅಂಜಿಕಿ ಆತು. ಮೊಳಕಾಲು ಖರೇನ ನೋಯ್ತಾವ, ಅದು ಸುಳ್ಳಲ್ಲ. ಮೂರು ಇಂಚು ತಗ್ಗಿಸು ಅಂತ ನಿಜಾಮಗ ಹೇಳೇನಿ.

ನಿನ್ನ
ಅಕ್ಕ